ಅತಿಥಿಗೆ ‘ಇಲ್ಲ’ ಎನ್ನಲು ಯಾರು ಕಲಿಸಬೇಕು?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು, ಕಡಲೂ ಒರಟಾಗಿರುತ್ತದೆ. 61 ದಿನಗಳ ಈ ನಿಷೇಧ ಮಲ್ಪೆಯ ಮೀನುಗಾರರಿಗೆ ಗೊತ್ತು, ಮಂಗಳೂರಿನ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರಿಗೂ ಗೊತ್ತು. ಆದರೆ ಜುಲೈ ತಿಂಗಳ ಒಂದು ಶನಿವಾರ, ಬೆಂಗಳೂರಿನಿಂದ ಬಂದ ಕುಟುಂಬವೊಂದು ಕಡಲ ತಡಿಯ ರೆಸಾರ್ಟಿನಲ್ಲಿ ಕುಳಿತು ಅಂಜಲ್ ತವಾ ಫ್ರೈ ಕೇಳಿದರೆ ಏನಾಗುತ್ತದೆ? ಹೆಚ್ಚಿನ ಕಡೆ ಅಂಜಲ್ ಬರುತ್ತದೆ. ಎಲ್ಲಿಯದೋ, ಎಷ್ಟು ದಿನದ ಹಿಂದಿನದೋ, ಐಸಿನಲ್ಲಿ ಹೂತು ಬಂದದ್ದು. ಆರ್ಡರ್ ತೆಗೆದುಕೊಂಡ ಹುಡುಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನೇ ಇರಬಹುದು. ತಟ್ಟೆಯನ್ನು ಯಾವ ಕಡೆಯಿಂದ ಇಡಬೇಕು, ಮುಳ್ಳು ಚಮಚ ಎಲ್ಲಿರಬೇಕು, ಮುಖದಲ್ಲಿ ನಗು ಹೇಗಿರಬೇಕು ಎಂಬುದೆಲ್ಲ ಅವನಿಗೆ ಕರಗತ. ಅಂಜಲ್ ಈಗ ಇಲ್ಲ ಎನ್ನಬೇಕು ಅನ್ನುವುದು ಅವನಿಗೆ ಹೊಳೆಯುವುದಿಲ್ಲ. ಹೊಳೆದರೂ ಹಾಗೆನ್ನುವ ಧೈರ್ಯ ಬರುವುದಿಲ್ಲ.

ಅವನು ಹೀಗೆ ಹೇಳಬಹುದಿತ್ತು: “ಈಗ ಅಂಜಲ್ ಸಿಗುವ ಕಾಲ ಅಲ್ಲ ಸರ್. ಬೆಳಿಗ್ಗೆ ನಾಡದೋಣಿಯವರು ತಂದ ಮೀನು ಸ್ವಲ್ಪ ಇದೆ. ಹೊಳೆಯ ಮರುವಾಯಿ ಇದೆ. ಮಳೆಗಾಲಕ್ಕೆಂದೇ ಮಾಡುವ ಪತ್ರೊಡೆ ಇದೆ, ಕಣಿಲೆ ಪಲ್ಯ ಇದೆ, ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯದ್ದು ಒಂದು ಪದಾರ್ಥ ಇದೆ, ಅದು ನಿಮ್ಮ ಊರಲ್ಲಿ ಸಿಗಲಿಕ್ಕಿಲ್ಲ.” ಇಷ್ಟು ಮಾತು ಬರಬೇಕಾದರೆ ಅವನಿಗೆ ಕಡಲಿನ ಪಂಚಾಂಗ ತಿಳಿದಿರಬೇಕು, ಅಡುಗೆಮನೆಯ ಮೆನು ಅದಕ್ಕೆ ಹೊಂದಿಕೊಂಡಿರಬೇಕು, ಗಿರಾಕಿ ಮುಖ ಸಿಂಡರಿಸಿದರೆ ಮ್ಯಾನೇಜರ್ ತನ್ನ ಬೆನ್ನಿಗೆ ನಿಲ್ಲುತ್ತಾನೆ ಎಂಬ ನಂಬಿಕೆಯೂ ಇರಬೇಕು. ಸುಸ್ಥಿರ ಪ್ರವಾಸೋದ್ಯಮ ಎಂದು ನಾವು ದೊಡ್ಡದಾಗಿ ಕರೆಯುವುದು ಕೊನೆಗೆ ನಿಂತಿರುವುದು ಈ ಬಗೆಯ ಮಾತುಗಳ ಮೇಲೆ ಎಂದು ನಾನು ನಂಬಿದ್ದೇನೆ. ಅತಿಥಿ ಕೇಳಿದ್ದನ್ನು ಯಾವಾಗ ಕೊಡಬಾರದು ಎಂದು ತಿಳಿದಿರುವುದು, ಅದನ್ನು ನೋವಾಗದಂತೆ ಹೇಳುವುದು, ಅದರ ಬದಲಿಗೆ ಇನ್ನೂ ಒಳ್ಳೆಯದೊಂದನ್ನು ಮುಂದಿಡುವುದು: ಇದು ಕಲಿಯಬೇಕಾದ ಕಸುಬು. ನಮ್ಮ ವೃತ್ತಿ ಕಾಲೇಜುಗಳು ಹೂಂ ಎನ್ನುವುದನ್ನು ಚೆನ್ನಾಗಿ ಕಲಿಸುತ್ತವೆ, ಇಲ್ಲ ಎನ್ನುವುದನ್ನು ಕಲಿಸುತ್ತಿಲ್ಲ.

ಈ ಕಾಲೇಜುಗಳು ಯಾತಕ್ಕಾಗಿ ಹುಟ್ಟಿದವು ಎಂಬುದನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸ್ವತಂತ್ರ ಭಾರತದ ಮೊದಲ ಹೋಟೆಲ್ ವಿದ್ಯಾಲಯ ಮುಂಬೈಯಲ್ಲಿ 1954ರಲ್ಲಿ ಶುರುವಾಯಿತು. 1982ರಲ್ಲಿ ಇಂಥ ಸಂಸ್ಥೆಗಳಿಗೆಲ್ಲ ಒಂದು ರಾಷ್ಟ್ರೀಯ ಮಂಡಳಿ ಬಂತು. ಮಣಿಪಾಲದಲ್ಲಿ, ಬೆಂಗಳೂರಿನಲ್ಲಿ ಹೆಸರು ಮಾಡಿದ ಶಾಲೆಗಳು ಬೆಳೆದವು. ಇವೆಲ್ಲದರ ಕಣ್ಣು ನಗರದ ತಾರಾ ಹೋಟೆಲುಗಳ ಮೇಲೆ, ಆಮೇಲೆ ಕೊಲ್ಲಿ ದೇಶಗಳು ಮತ್ತು ಪ್ರವಾಸಿ ಹಡಗುಗಳ ಮೇಲೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಾಸನದ, ಮಂಡ್ಯದ, ಕಾರ್ಕಳದ ಎಷ್ಟೋ ಮನೆಗಳ ಸಾಲ ತೀರಿದ್ದು, ತಂಗಿಯರ ಓದು ನಡೆದದ್ದು ಹೀಗೆ ಹೋದ ಮಕ್ಕಳು ಕಳಿಸಿದ ಹಣದಿಂದ. ಆದರೆ ದುಬೈಯ ಹೋಟೆಲಿಗೂ ಬೆಂಗಳೂರಿನ ಹೋಟೆಲಿಗೂ ಒಂದೇ ಪಾಠ ಸಾಕಾಗುವಂತೆ ಮಾಡಬೇಕಾದರೆ ಆ ಪಾಠದಿಂದ ಊರನ್ನು ತೆಗೆದುಹಾಕಬೇಕಾಗುತ್ತದೆ. ಫ್ರೆಂಚ್ ಅಡುಗೆಯ ಐದು ಮೂಲ ಸಾಸ್‌ಗಳು ಎಲ್ಲ ಕಡೆಯೂ ಒಂದೇ. ಕೊಡಗಿನ ಹುಳಿಯಾದ ಕಾಚಂಪುಳಿ ಎಲ್ಲ ಕಡೆ ಸಿಗುವುದಿಲ್ಲ, ಹಾಗಾಗಿ ಅದು ಪ್ರಾದೇಶಿಕ ಅಡುಗೆ ಎಂಬ ಒಂದು ಘಟಕದೊಳಗೆ ಒಂದು ಸಾಲಾಗಿ ಉಳಿಯುತ್ತದೆ.

ಈಚೆಗೆ ಎಲ್ಲ ಪಠ್ಯಕ್ರಮಗಳಲ್ಲೂ ಸುಸ್ಥಿರತೆ ಸೇರಿಕೊಂಡಿದೆ. ಸೇರಿಕೊಂಡದ್ದು ಒಂದು ಪತ್ರಿಕೆಯಾಗಿ. ವಿದ್ಯಾರ್ಥಿ ವ್ಯಾಖ್ಯೆ ಬರೆಯುತ್ತಾನೆ, ಮೂರು ಆಧಾರಸ್ತಂಭಗಳನ್ನು ವಿವರಿಸುತ್ತಾನೆ, ಪರಿಸರಸ್ನೇಹಿ ಹೋಟೆಲಿನ ಲಕ್ಷಣಗಳನ್ನು ಪಟ್ಟಿ ಮಾಡುತ್ತಾನೆ, ಪಾಸಾಗುತ್ತಾನೆ. ಪಕ್ಕದ ಕೋಣೆಯ ಅಡುಗೆ ತರಗತಿಯಲ್ಲಿ ಅದೇ ದಿನ ಬಫೆ ಪ್ರಾಕ್ಟಿಕಲ್ ನಡೆದು ಉಳಿದ ಅನ್ನ ಡ್ರಮ್ಮಿಗೆ ಬೀಳುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಅವನಿಗೆ ತೋರಿಸುವುದಿಲ್ಲ.

ಕೊಡಗನ್ನು ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ವರ್ಷದಲ್ಲಿ ಬಂದುಹೋಗುವ ಪ್ರವಾಸಿಗರು ಅದರ ಎಷ್ಟೋ ಪಟ್ಟು. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಮನೆಯ ಎರಡು ಕೋಣೆ ತೆರೆದು ಹೋಮ್‌ಸ್ಟೇ ಮಾಡಿಕೊಂಡವರು ಬದುಕಿಕೊಂಡರು, ಅದು ಒಳ್ಳೆಯದೇ ಆಯಿತು. ಎರಡು ಕೋಣೆ ಎಂಟಾದವು, ಇಳಿಜಾರನ್ನು ಕಡಿದು ಕಾಟೇಜುಗಳು ಎದ್ದವು. ಪ್ರತಿ ಕಾಟೇಜಿಗೂ ಒಂದು ಶೌಚಾಲಯ, ಒಂದು ಗೀಸರ್, ಶನಿವಾರ ಭಾನುವಾರಗಳಂದು ಆರಾರು ಜನ. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಗುಡ್ಡದ ಪಕ್ಕ ತೋಡಿದ ಗುಂಡಿಗೆ. ಸೆಪ್ಟಿಕ್ ಟ್ಯಾಂಕ್ ಎಂದರೆ ಕೊಳೆಯನ್ನು ಶುದ್ಧ ಮಾಡುವ ಯಂತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಗಟ್ಟಿಯನ್ನು ತಳಕ್ಕೆ ಇಳಿಸಿಕೊಂಡು ತಿಳಿಯನ್ನು ಹೊರಗೆ ಬಿಡುತ್ತದೆ, ಅಷ್ಟೇ. ಹೊರಬಂದ ನೀರಿನಲ್ಲಿ ರೋಗಾಣುಗಳು ಹಾಗೆಯೇ ಇರುತ್ತವೆ. ಅದು ಇಂಗುಗುಂಡಿಯಲ್ಲಿ ಮಣ್ಣಿನ ಮೂಲಕ ಸೋಸಬೇಕು, ಬಾವಿಯಿಂದ, ತೋಡಿನಿಂದ ದೂರ ಇರಬೇಕು. ಟ್ಯಾಂಕಿನೊಳಗೆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬದುಕಿರಬೇಕು. ಕಕ್ಕಸು ಬಿಳಿಯಾಗಿ ಹೊಳೆಯಲಿ ಎಂದು ದಿನವೂ ಆ್ಯಸಿಡ್ ಸುರಿದರೆ ಅವು ಸಾಯುತ್ತವೆ. ಅಡುಗೆಮನೆಯ ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿಯನ್ನು ಬೇರೆ ಕಟ್ಟದಿದ್ದರೆ ಇಂಗುಗುಂಡಿ ಮುಚ್ಚಿಹೋಗಿ ಕೊಳಚೆ ತೋಟದ ಮೇಲೆ ಹರಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕಿನ ಹೂಳು ತೆಗೆಸಬೇಕು. ಸುರಕ್ಷಾ ಸಾಧನಗಳಿಲ್ಲದೆ ಅದಕ್ಕೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ಹೌಸ್‌ಕೀಪಿಂಗ್ ಕಲಿಸುವ ಯಾವ ತರಗತಿಯಲ್ಲಾದರೂ ಈ ಪಾಠ ಮೊದಲ ವಾರ ಬರಬೇಕಿತ್ತು. ಬರುವುದು ಹಾಸಿಗೆಯ ಮೂಲೆ ಮಡಿಸುವ ಬಗೆ, ಟವಲನ್ನು ಹಂಸದ ಹಾಗೆ ಸುತ್ತುವ ಬಗೆ. ಕೊಡಗಿನ ತೋಡುಗಳ ನೀರು ಕಾವೇರಿಗೆ ಸೇರುತ್ತದೆ, ಕಾವೇರಿ ಬೆಂಗಳೂರಿನ ನಲ್ಲಿಗೆ ಬರುತ್ತದೆ. ವಾರಾಂತ್ಯಕ್ಕೆ ಕೊಡಗಿಗೆ ಹೋದ ಬೆಂಗಳೂರಿಗರು ಅಲ್ಲಿ ಬಿಟ್ಟುಬಂದ ನೀರಿನ ಲೆಕ್ಕ ಬೆಂಗಳೂರಿನ ಲೆಕ್ಕವೂ ಹೌದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳು ಮಣ್ಣಿನಡಿ ಹೋದಾಗ, ಇಳಿಜಾರನ್ನು ಎಲ್ಲೆಂದರಲ್ಲಿ ಕಡಿದುದರ ಬಗ್ಗೆ ಬಹಳ ಚರ್ಚೆ ನಡೆಯಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಗುಡ್ಡ ಕಡಿಯುವ ಮೊದಲು, ನೀರು ಹರಿದುಹೋಗುವ ದಾರಿ ಎಲ್ಲಿ ಎಂದು ಕೇಳಬಲ್ಲ ಒಬ್ಬ ತರಬೇತಾದ ಮನುಷ್ಯ ಎಷ್ಟು ಹೋಮ್‌ಸ್ಟೇಗಳಲ್ಲಿ, ಎಷ್ಟು ರೆಸಾರ್ಟುಗಳಲ್ಲಿ ಇದ್ದ? ಅಂಥವನನ್ನು ತಯಾರು ಮಾಡುವ ಕೋರ್ಸ್ ನಮ್ಮಲ್ಲಿ ಎಲ್ಲಿದೆ?

ಊರಿನಲ್ಲಿ ಬೆಳೆದವರಿಗೆ ಇದೆಲ್ಲ ಹುಟ್ಟಿನಿಂದ ಗೊತ್ತಿರುತ್ತದೆ, ಕಾಲೇಜು ಯಾಕೆ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಅರ್ಧ ಸರಿ. ಯಾವ ತೋಡು ಯಾವ ತಿಂಗಳು ಉಕ್ಕುತ್ತದೆ ಎಂದು ಊರಿನವರಿಗೆ ಗೊತ್ತು. ಆದರೆ ಐವರು ಇರುವ ಮನೆಯ ಗುಂಡಿಗೂ ಮೂವತ್ತು ಮಂದಿ ಉಳಿದುಹೋಗುವ ಮನೆಯ ಗುಂಡಿಗೂ ಇರುವ ಅಂತರ ಅನುಭವದಿಂದ ಬರುವಂಥದ್ದಲ್ಲ, ಏಕೆಂದರೆ ಅಂಥ ಅನುಭವವೇ ಆ ಊರಿಗೆ ಹೊಸದು. ಊರಿನ ತಿಳಿವಳಿಕೆಗೆ ಲೆಕ್ಕ ಸೇರಬೇಕು, ಲೆಕ್ಕ ಬಲ್ಲವನಿಗೆ ಊರು ಗೊತ್ತಿರಬೇಕು. ತಾಲ್ಲೂಕಿನಲ್ಲೇ ಇರುವ ಒಂದು ವೃತ್ತಿಶಾಲೆ ಈ ಕೆಲಸ ಮಾಡಬಲ್ಲದು. ನಗರದ ಕಾಲೇಜಿಗೆ ಅದು ಸುಲಭವಲ್ಲ.

ಅಡುಗೆಮನೆಯ ಮಾತು ಬಂದಾಗ ಕೇರಳದ ಕುಮರಕೋಂ ನೆನಪಾಗುತ್ತದೆ. ವೆಂಬನಾಡು ಕೆರೆಯ ದಡದ ಆ ಹಳ್ಳಿಯಲ್ಲಿ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗ ಶುರುವಾಯಿತು. ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು ಪಾಳುಬಿದ್ದ ಗದ್ದೆಗಳಲ್ಲಿ ತರಕಾರಿ ಬೆಳೆದರು, ಪಂಚಾಯತಿ ನಡುವೆ ನಿಂತಿತು, ದೊಡ್ಡ ಹೋಟೆಲುಗಳು ಕೊಳ್ಳಲು ಒಪ್ಪಿದವು. ಬೆಲೆ, ಗುಣಮಟ್ಟ, ಪೂರೈಕೆಯ ಹೊತ್ತು ಇವುಗಳನ್ನು ಕುಳಿತು ಮಾತಾಡಿ ಗೊತ್ತುಮಾಡಿಕೊಂಡರು. ಮುಂದೆ ಕೇರಳ ಸರ್ಕಾರ 2017ರಲ್ಲಿ ಇದಕ್ಕೊಂದು ಮಿಷನ್ ಮಾಡಿತು. ಈ ಕಥೆಯನ್ನು ಹೇಳುವವರು ಹೆಂಗಸರ ಶ್ರಮವನ್ನು ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಹೋಟೆಲಿನೊಳಗೆ ಏನು ಬದಲಾಗಬೇಕಿತ್ತು ಎಂಬುದನ್ನೂ ಗಮನಿಸಬೇಕು. ದಿನವೂ ಒಂದೇ ಅಳತೆಯ ಕ್ಯಾರೆಟ್ಟು ಬೇಕೆಂದು ಇಂಡೆಂಟ್ ಬರೆಯುವ ಶೆಫ್ ಇದ್ದಲ್ಲಿ ಇಂಥ ವ್ಯವಸ್ಥೆ ಒಂದು ವಾರವೂ ನಡೆಯದು. ಇವತ್ತು ಬಂದದ್ದು ಅಲಸಂದೆ, ಬಾಳೆಕಾಯಿ, ಕುಂಬಳ. ಇದರಲ್ಲಿ ಮಧ್ಯಾಹ್ನದ ಊಟ ಕಟ್ಟುತ್ತೇನೆ ಎನ್ನುವ ಶೆಫ್ ಬೇಕು. ಮೆನುವನ್ನು ಮೊದಲು ಬರೆದು ಸಾಮಾನು ತರಿಸುವುದು ಒಂದು ವಿದ್ಯೆ, ಸಾಮಾನು ನೋಡಿ ಮೆನು ಬರೆಯುವುದು ಇನ್ನೊಂದು. ಎರಡನೆಯದು ನಮ್ಮ ಅಜ್ಜಿಯರಿಗೆ ಬರುತ್ತಿತ್ತು. ಇನ್ನೂರು ತಟ್ಟೆಗಳ ಲೆಕ್ಕದಲ್ಲಿ, ಒಂದೇ ರುಚಿಯಲ್ಲಿ, ಖರ್ಚಿನ ಮಿತಿಯೊಳಗೆ ಅದನ್ನು ಮಾಡಲು ಕಲಿಸುವುದು ಕಾಲೇಜಿನ ಕೆಲಸ. ಶಿರಸಿಯಲ್ಲೋ ಕುಮಟೆಯಲ್ಲೋ ಇರುವ ಅಡುಗೆ ವಿದ್ಯಾರ್ಥಿಗೆ ಅಪ್ಪೆಮಿಡಿ ಯಾವ ಹೊಳೆದಂಡೆಯ ಮರದ್ದು, ಅಘನಾಶಿನಿಯ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ ಅಕ್ಕಿಗೆ ಎಷ್ಟು ನೀರು, ಎಷ್ಟು ಹೊತ್ತು ಎಂದು ತಿಳಿದಿರಬೇಕು. ತಿಳಿದಿದ್ದರೆ ಆ ಗದ್ದೆ ಉಳಿಯಲು ಒಂದು ಕಾರಣ ಹೆಚ್ಚಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ತಿಳಿವಳಿಕೆಯ ವಿಷಯ. ತಿಳಿವಳಿಕೆ ಇದ್ದೂ ಇಲ್ಲ ಎನ್ನಲಾಗದ ಸ್ಥಿತಿ ಇನ್ನೂ ಕಷ್ಟದ್ದು. ಅದನ್ನು ನೋಡಲು ಕಾಡಂಚಿಗೆ ಹೋಗಬೇಕು.

ಕಾಡು ತೋರಿಸುವ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆ ಇದೆ. ಕಾಡಿನ ಪ್ರವಾಸ ನಡೆಸುವ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ 1980ರಲ್ಲಿ ಹುಟ್ಟಿತು. ಕಬಿನಿಯ ಅದರ ಲಾಡ್ಜನ್ನು ಕರ್ನಲ್ ಜಾನ್ ವೇಕ್‌ಫೀಲ್ಡ್ ನೋಡಿಕೊಳ್ಳುತ್ತಿದ್ದರು. ಕಾಡನ್ನು ತೋರಿಸುವುದು ಎಂದರೆ ಹುಲಿ ತೋರಿಸುವುದಷ್ಟೇ ಅಲ್ಲ ಎಂದು ಒಂದು ತಲೆಮಾರಿನ ನ್ಯಾಚುರಲಿಸ್ಟ್‌ಗಳು ಅಲ್ಲಿ ಕಲಿತರು. ಹಕ್ಕಿಯ ದನಿ, ಆನೆಯ ಕಿವಿಯ ಬೀಸು, ಲಾಂಟಾನ ಹಬ್ಬಿದ ಕಡೆ ಹುಲ್ಲು ಹೇಗೆ ಸಾಯುತ್ತದೆ ಎಂಬುದನ್ನೆಲ್ಲ ವಿವರಿಸಬಲ್ಲವರು ಇವತ್ತಿಗೂ ಅಲ್ಲಿದ್ದಾರೆ. ಆದರೆ ಸಫಾರಿ ಜೀಪಿನಲ್ಲಿ ಕುಳಿತ ಪ್ರವಾಸಿಗೆ ಬೇಕಾದದ್ದು ಸೈಟಿಂಗ್. ಹುಲಿ ಕಂಡ ದಿನ ಟಿಪ್ಸ್ ಕೈತುಂಬ, ಕಾಣದ ದಿನ ಮೌನ. ಚಾಲಕನ ಸಂಬಳ ಸಣ್ಣದು, ಟಿಪ್ಸ್ ಅದಕ್ಕಿಂತ ಮುಖ್ಯ. ಒಂದು ಜೀಪಿಗೆ ಹುಲಿ ಕಂಡರೆ ಸುದ್ದಿ ಹರಡುತ್ತದೆ, ನಾಲ್ಕು ಕಡೆಯಿಂದ ನಾಲ್ಕು ಜೀಪು ಬರುತ್ತವೆ, ರಸ್ತೆ ದಾಟಬೇಕಾದ ತಾಯಿ ಹುಲಿಯ ದಾರಿ ಮುಚ್ಚುತ್ತದೆ. ಹತ್ತಿರ ಹೋಗಬಾರದು ಎಂದು ಆ ಚಾಲಕನಿಗೆ ಗೊತ್ತಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನಿಗೆ ಇನ್ನೊಂದು ಸುಸ್ಥಿರತೆಯ ಕಾರ್ಯಾಗಾರ ಮಾಡಿ ಪ್ರಯೋಜನವಿಲ್ಲ. ಹುಲಿ ಕಂಡರೂ ಕಾಣದಿದ್ದರೂ ಅವನ ತಿಂಗಳ ಆದಾಯ ಒಂದೇ ಆಗುವಂತೆ ಮಾಡಬೇಕು. ಟಿಪ್ಸನ್ನು ಎಲ್ಲ ಸಿಬ್ಬಂದಿ ಹಂಚಿಕೊಳ್ಳುವ ಪೆಟ್ಟಿಗೆಗೆ ಹಾಕುವುದು ಒಂದು ದಾರಿ, ಸಂಬಳ ಏರಿಸುವುದು ಇನ್ನೂ ನೇರವಾದ ದಾರಿ. ತರಬೇತಿಯನ್ನು ಕೂಲಿಯಿಂದ ಬೇರ್ಪಡಿಸಿ ಮಾತಾಡುವ ಯಾವ ಯೋಜನೆಯನ್ನೂ ನಾನು ನಂಬಲಾರೆ.

2012ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿ ಬಂದು, ಒಳವಲಯದ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ಕೂಡದು ಎಂದಾಯಿತು. 2025ರ ನವೆಂಬರಿನಲ್ಲಿ, ಸರಗೂರು ತಾಲ್ಲೂಕಿನ ಸುತ್ತ ರೈತರು ಹುಲಿ ದಾಳಿಗೆ ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ರಾಜ್ಯ ಸರ್ಕಾರ ಆದೇಶಿಸಿತು. ಸಫಾರಿಯೇ ಹುಲಿಗಳನ್ನು ಹೊರಗೆ ದೂಡುತ್ತಿದೆ ಎಂಬ ಸಿಟ್ಟು ಹಳ್ಳಿಗಳಲ್ಲಿತ್ತು. ಆ ಸಿಟ್ಟಿನ ಹಿಂದಿನ ಜೀವವಿಜ್ಞಾನ ಎಷ್ಟು ಸರಿ ಎಂಬುದು ಬೇರೆ ಚರ್ಚೆ. ಆದರೆ ತಮ್ಮ ಹೊಲದಂಚಿನ ಕಾಡಿನಿಂದ ಯಾರೋ ಹಣ ಮಾಡುತ್ತಾರೆ, ಸಾಯುವುದು ಮಾತ್ರ ನಾವು ಎಂಬ ಭಾವನೆಗೆ ವಿಜ್ಞಾನದ ಉತ್ತರ ಸಾಲದು. ಈ ಭಾವನೆ ಹೊಸದೂ ಅಲ್ಲ. 1990ರ ದಶಕದಲ್ಲಿ ನಾಗರಹೊಳೆಯ ಮುರ್ಕಲ್‌ನಲ್ಲಿ ಹೆಸರಾಂತ ಹೋಟೆಲ್ ಸಂಸ್ಥೆಯೊಂದರ ರೆಸಾರ್ಟ್ ಏಳುತ್ತಿದ್ದಾಗ ಆದಿವಾಸಿಗಳು ಅದನ್ನು ವಿರೋಧಿಸಿ ನಿಂತರು, 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಕಾಡಿನಿಂದ ಹೊರಹಾಕಿಸಿಕೊಂಡ ಜೇನು ಕುರುಬರ ಮಕ್ಕಳು ಇವತ್ತು ಅದೇ ಕಾಡಂಚಿನ ರೆಸಾರ್ಟುಗಳಲ್ಲಿ ಯಾವ ಕೆಲಸದಲ್ಲಿದ್ದಾರೆ ಎಂದು ಹೋಗಿ ನೋಡಿ. ತೋಟ, ಗೇಟು, ಸಂಜೆಯ ಬೆಂಕಿಯ ಸುತ್ತ ಕುಣಿತ. ಕಾಡಿನ ಬಗ್ಗೆ ಯಾರಿಗೆ ಹೆಚ್ಚು ಗೊತ್ತೋ ಅವರಿಗೆ ಕಾಡಿನ ಬಗ್ಗೆ ಮಾತಾಡುವ ಹುದ್ದೆ ಸಿಕ್ಕಿದ್ದು ಬಹಳ ಕಡಿಮೆ, ಏಕೆಂದರೆ ಅದಕ್ಕೆ ಪಿಯುಸಿ ಬೇಕು, ಇಂಗ್ಲಿಷ್ ಬೇಕು, ಪ್ರಮಾಣಪತ್ರ ಬೇಕು. ಇಂಗ್ಲಿಷನ್ನು ಆರು ತಿಂಗಳಲ್ಲಿ ಕೆಲಸಕ್ಕೆ ಬೇಕಾದಷ್ಟು ಕಲಿಸಬಹುದು. ಕಾಡನ್ನು ಆರು ತಿಂಗಳಲ್ಲಿ ಕಲಿಸಲು ಸಾಧ್ಯವಿಲ್ಲ. ಪ್ರವೇಶದ ಅರ್ಹತೆಯನ್ನು ನಾವು ತಲೆಕೆಳಗಾಗಿ ಇಟ್ಟಿದ್ದೇವೆ.

ಕಡಲ ತೀರದ್ದೂ ಇದೇ ಕಥೆ. ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ನೀರಿನ ಪರೀಕ್ಷೆ, ಕಸದ ನಿರ್ವಹಣೆ, ಜೀವರಕ್ಷಕರು ಇವೆಲ್ಲ ಆ ಮನ್ನಣೆಯ ಷರತ್ತುಗಳು. ಒಂದೊಂದು ಷರತ್ತಿನ ಹಿಂದೆಯೂ ಒಂದೊಂದು ಉದ್ಯೋಗವಿದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರ ಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಒಳಸೆಳೆತ ಗೊತ್ತಿರುವುದಿಲ್ಲ. ದಡದಲ್ಲಿ ನಿಂತು ಸೀಟಿ ಊದಿ ನೀರಿಗಿಳಿಯಬೇಡಿ ಎನ್ನುವವನ ಮಾತಿಗೆ ಅಧಿಕಾರ ಇರಬೇಕು. ವರ್ಷಪೂರ್ತಿ ಸಂಬಳವಿಲ್ಲದ, ಗುತ್ತಿಗೆ ಮೇಲೆ ನಿಂತ ಹುಡುಗನ ಮಾತನ್ನು ಬಸ್ಸು ತುಂಬ ಬಂದವರು ಕೇಳುವುದಿಲ್ಲ.

ಕೆಲಸ ಮಾಡುತ್ತಲೇ ಕಲಿಯುವ ಪದ್ಧತಿಗೆ ಎಲ್ಲರೂ ಜರ್ಮನಿಯ ಉದಾಹರಣೆ ಕೊಡುತ್ತಾರೆ. ಅಲ್ಲಿ 1969ರ ಕಾನೂನಿನ ಪ್ರಕಾರ ಹೋಟೆಲ್ ಕಲಿಯುವ ಹುಡುಗಿ ಹೋಟೆಲಿನೊಂದಿಗೇ ಮೂರು ವರ್ಷದ ಒಪ್ಪಂದ ಮಾಡಿಕೊಳ್ಳುತ್ತಾಳೆ. ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆ, ಮಿಕ್ಕ ದಿನ ಕೆಲಸ, ಮೊದಲ ತಿಂಗಳಿನಿಂದಲೇ ಸಂಭಾವನೆ. ಒಳ್ಳೆಯ ವ್ಯವಸ್ಥೆ. ಆದರೆ ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. ಹಿಂದೆ ದಕ್ಷಿಣ ಕನ್ನಡದಿಂದ ಮುಂಬೈಗೆ ಹೋದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮೊಗವೀರ, ಬಿಲ್ಲವ ಮೊದಲಾದ ಸಮುದಾಯಗಳ ಸಂಘಗಳು ಆ ಶಾಲೆಗಳನ್ನು ನಡೆಸಿದವು. ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್ ಆದ, ಅಡುಗೆ ಕಲಿತ, ಗಲ್ಲಾದಲ್ಲಿ ಕುಳಿತ, ಕೆಲವರು ಸ್ವಂತ ಹೋಟೆಲು ಇಟ್ಟರು, ಕೆಲವರು ವಕೀಲರಾದರು, ಮೇಷ್ಟರಾದರು. ಅದರಲ್ಲಿ ಬಾಲಕಾರ್ಮಿಕರ ಕಣ್ಣೀರು ಇತ್ತು, ಹದಿನಾರು ಗಂಟೆಯ ದುಡಿಮೆ ಇತ್ತು. ಆ ದಿನಗಳು ಮರಳಿ ಬರಲಿ ಎಂದು ಯಾರೂ ಹೇಳಕೂಡದು. ಆದರೆ ಅಡುಗೆಮನೆಯ ಪ್ರತಿ ಹಂತವನ್ನೂ ಕೈಯಾರೆ ಮಾಡಿ ಮೇಲೆ ಬಂದವನಿಗೆ ಆಹಾರ ದಂಡವಾಗುವುದು ಎಂದರೆ ಏನೆಂದು ಗೊತ್ತಿತ್ತು. ಬೆಳಗಿನ ಇಡ್ಲಿ ಉಳಿದರೆ ಸಂಜೆಗೆ ಒಗ್ಗರಣೆ ಹಾಕುವುದು, ಸೊಪ್ಪಿನ ದಂಟನ್ನು ಸಾಂಬಾರಿಗೆ ಬಿಡುವುದು ಆ ಹೋಟೆಲುಗಳ ದಿನಚರಿ. ಎರಡನೇ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿದ್ದಾಗಿ ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಇದ್ದುದರಲ್ಲಿ ಊಟ ಕಟ್ಟುವ ಈ ಜಾಣ್ಮೆ ನಮ್ಮ ಹೋಟೆಲ್ ಚರಿತ್ರೆಯಲ್ಲೇ ಇದೆ. ನಮ್ಮ ಹೋಟೆಲ್ ವಿದ್ಯಾಲಯಗಳ ಪಠ್ಯದಲ್ಲಿ ಆ ಚರಿತ್ರೆಗೆ ಎಷ್ಟು ಪುಟ ಸಿಕ್ಕಿದೆ?

ಹಾಗಾದರೆ ಹೊಸ ಶಾಲೆ ಹೇಗಿರಬೇಕು? ದೊಡ್ಡ ಕ್ಯಾಂಪಸ್ಸು ಬೇಡ. ಮಡಿಕೇರಿ, ಮೂಡಿಗೆರೆ, ಹೆಗ್ಗಡದೇವನಕೋಟೆ, ಗೋಕರ್ಣ, ಹೊಸಪೇಟೆಯಂಥ ಕಡೆ ಈಗಿರುವ ಐಟಿಐ ಅಥವಾ ಸರ್ಕಾರಿ ಕಾಲೇಜಿನ ಒಂದು ಭಾಗ ಸಾಕು. ಅಭ್ಯಾಸಕ್ಕೆ ಅಡುಗೆಮನೆ, ನಾಲ್ಕು ಕೋಣೆಯ ಅತಿಥಿಗೃಹ, ಅದರದೇ ಸೆಪ್ಟಿಕ್ ಟ್ಯಾಂಕು, ಗೊಬ್ಬರದ ಗುಂಡಿ, ನೀರಿನ ಮೀಟರು. ತಿಂಗಳ ಕೊನೆಗೆ ಒಬ್ಬ ಅತಿಥಿಗೆ ಎಷ್ಟು ನೀರು, ಎಷ್ಟು ಗ್ಯಾಸು, ಎಷ್ಟು ಕಸ ಆಯಿತು ಎಂದು ವಿದ್ಯಾರ್ಥಿಗಳೇ ಲೆಕ್ಕ ಒಪ್ಪಿಸಬೇಕು. ಕಲಿಸುವವರಲ್ಲಿ ಹೋಟೆಲ್ ಪದವೀಧರರ ಜೊತೆ ಕೊಳಾಯಿ ಕೆಲಸದವರು, ಬುಡಕಟ್ಟಿನ ಹಿರಿಯರು, ಹೋಮ್‌ಸ್ಟೇ ನಡೆಸಿ ಹಣ್ಣಾದ ಹೆಂಗಸರು ಇರಬೇಕು, ಅವರಿಗೂ ಅದೇ ಗೌರವಧನ ಸಲ್ಲಬೇಕು.

ಹೋಮ್‌ಸ್ಟೇ ನಡೆಸುವ ಕೆಲಸ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಮೇಲೆ ಬಿದ್ದಿದೆ. ಫಲಕದಲ್ಲಿ ಗಂಡಸಿನ ಫೋನ್ ನಂಬರು, ಒಲೆಯ ಮುಂದೆ ಮನೆಯೊಡತಿ. ಅವರು ಮೂರು ವರ್ಷದ ಕೋರ್ಸಿಗೆ ಬರಲಾರರು. ವಾರದ ನಡುವಿನ ದಿನಗಳಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ನಡೆಯುವ, ಒಂದೊಂದೇ ಘಟಕ ಮುಗಿಸುತ್ತ ಹೋಗಿ ಕೊನೆಗೆ ಡಿಪ್ಲೊಮಾ ಆಗುವಂಥ ವ್ಯವಸ್ಥೆ ಬೇಕು. ಮಲೆನಾಡಿನ ಹೋಟೆಲುಗಳಲ್ಲಿ ಈಗ ಅಸ್ಸಾಮಿನ, ಒಡಿಶಾದ, ನೇಪಾಳದ ಹುಡುಗರು ಬಹಳ ಇದ್ದಾರೆ. ಸ್ಥಳೀಯರಿಗೆ ಮಾತ್ರ ಎಂದು ಬಾಗಿಲು ಹಾಕಿದರೆ ಆ್ಯಸಿಡ್ ಬಾಟಲಿ ಹಿಡಿದಿರುವ ಕೈಗೇ ಪಾಠ ತಲುಪುವುದಿಲ್ಲ. ಅವರಿಗೆ ಅರ್ಥವಾಗುವ ಹಿಂದಿಯಲ್ಲೋ ಬಂಗಾಳಿಯಲ್ಲೋ ಹೇಳಿಕೊಡಬೇಕು, ಜೊತೆಗೆ ಕನ್ನಡವನ್ನೂ ಕಲಿಸಬೇಕು. ಊರಿನ ಭಾಷೆ ಬಾರದವನಿಗೆ ಊರಿನ ಪರವಾಗಿ ಇಲ್ಲ ಎನ್ನುವುದು ಕಷ್ಟ.

ಆಕ್ಷೇಪಣೆಗಳಿವೆ, ಅವು ಹುಸಿಯಲ್ಲ. ಹಳ್ಳಿಯ ಹುಡುಗನಿಗೆ ದುಬೈಗೆ ಹೋಗುವ ಆಸೆ ಇದ್ದರೆ ಅವನನ್ನು ಊರಿಗೆ ಕಟ್ಟಿಹಾಕಲು ನೀವು ಯಾರು ಎಂದು ಕೇಳಬಹುದು. ಕಟ್ಟಿಹಾಕಬಾರದು. ಊರಲ್ಲಿ ಕಲಿತ ವಿದ್ಯೆ ಅವನನ್ನು ಎಲ್ಲಿಗೂ ಕರೆದೊಯ್ಯುವಂತಿರಬೇಕು, ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಕೌಶಲ ಚೌಕಟ್ಟಿನ ಮಾನ್ಯತೆ ಇರಬೇಕು. ನೀರಿನ ಲೆಕ್ಕ ಬಲ್ಲ, ಉಳಿದ ಆಹಾರವನ್ನು ಕಡಿಮೆ ಮಾಡಬಲ್ಲ ಅಡುಗೆಯವನು ಯಾವ ದೇಶದಲ್ಲೂ ಬೇಕಾದವನೇ. ಇವತ್ತು ಅವನಿಗೆ ಇರುವ ಆಯ್ಕೆ ಹೋಗುವುದೊಂದೇ. ಉಳಿಯುವುದೂ ಒಂದು ಆಯ್ಕೆಯಾಗಲಿ ಎಂಬುದಷ್ಟೇ ನನ್ನ ವಾದ.

ಮಾಲೀಕರ ಆಕ್ಷೇಪಣೆ ಇನ್ನೂ ಗಟ್ಟಿ. ತರಬೇತಾದವನಿಗೆ ಹೆಚ್ಚು ಸಂಬಳ ಕೊಡಬೇಕು, ಅವನು ಗಿರಾಕಿಗೆ ಬೇಡ ಅಂದರೆ ಆನ್‌ಲೈನಿನಲ್ಲಿ ಒಂದು ಸ್ಟಾರ್ ಕಳೆಯುತ್ತದೆ, ಪಕ್ಕದ ರೆಸಾರ್ಟಿನವನು ಎಲ್ಲಕ್ಕೂ ಹೂಂ ಎಂದು ಗಿರಾಕಿಯನ್ನು ಕರೆದುಕೊಂಡು ಹೋಗುತ್ತಾನೆ. ಒಬ್ಬ ಮಾಲೀಕ ಒಳ್ಳೆಯವನಾದರೆ ಸಾಲದು ಎಂಬುದು ಇದರಲ್ಲಿ ಸ್ಪಷ್ಟವಿದೆ. ಕಡಲಿನ ನಿಷೇಧ ಎಲ್ಲ ದೋಣಿಗಳಿಗೂ ಒಟ್ಟಿಗೆ ಅನ್ವಯಿಸುವುದರಿಂದಲೇ ಅದು ನಡೆಯುತ್ತದೆ. ಇಲ್ಲಿಯೂ ಹಾಗೆಯೇ ಆಗಬೇಕು. ಇಷ್ಟು ಕೋಣೆಗೆ ತರಬೇತಾದ ಒಬ್ಬರು ಇರಲೇಬೇಕು ಎಂದು ಹೋಮ್‌ಸ್ಟೇ ಮತ್ತು ರೆಸಾರ್ಟುಗಳ ನೋಂದಣಿಯಲ್ಲಿ ಷರತ್ತು ಹಾಕಿದರೆ ಆ ವಿದ್ಯೆಗೆ ಮಾರುಕಟ್ಟೆ ತಾನಾಗಿ ಹುಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಫಾರ್ಮಸಿ ಓದಿದವರು ಇರಬೇಕು ಎಂಬ ಕಾನೂನು ನಮಗೆ ವಿಚಿತ್ರ ಅನ್ನಿಸುವುದಿಲ್ಲ. ನದಿಯ ತಲೆಯಲ್ಲಿ ಕುಳಿತು ನೂರು ಜನರ ಕೊಳಚೆಯನ್ನು ನಿಭಾಯಿಸುವವರಿಗೆ ಯಾವ ಓದೂ ಬೇಡ ಎನ್ನುವುದು ವಿಚಿತ್ರ ಅನ್ನಿಸಬೇಕು.

ಒಂದು ಎಚ್ಚರ ಮಾತ್ರ ಬೇಕು. ಕಾಲೇಜುಗಳಿಂದ ತರಬೇತಿಗೆಂದು ಹೋಟೆಲಿಗೆ ಹೋಗುವ ವಿದ್ಯಾರ್ಥಿಗಳನ್ನು ಅಗ್ಗದ ಕೂಲಿಗಳಾಗಿ ಬಳಸಿಕೊಳ್ಳುವ ರೂಢಿ ನಮ್ಮಲ್ಲಿ ಬೇರೂರಿದೆ. ತಿಂಗಳುಗಟ್ಟಲೆ ತರಕಾರಿ ಹೆಚ್ಚುವುದು, ಮದುವೆ ಹಾಲಿನಲ್ಲಿ ನಡುರಾತ್ರಿವರೆಗೆ ಕುರ್ಚಿ ಜೋಡಿಸುವುದು, ಕೈಗೆ ಬರುವುದು ಬಸ್ ಚಾರ್ಜು. ಈ ರೂಢಿಯನ್ನು ತಾಲ್ಲೂಕಿನ ಶಾಲೆಗೂ ತಂದರೆ ರೆಸಾರ್ಟುಗಳಿಗೆ ಇನ್ನಷ್ಟು ಅಗ್ಗದ ಆಳುಗಳು ಸಿಗುತ್ತಾರೆ, ಅಷ್ಟೇ. ಅಪ್ರೆಂಟಿಸ್ ಕಾಯ್ದೆ 1961ರಿಂದಲೇ ಇದೆ. ಒಪ್ಪಂದ, ಸ್ಟೈಪೆಂಡು, ಕೆಲಸದ ಗಂಟೆಗಳ ಮಿತಿ ಎಲ್ಲ ಅದರಲ್ಲಿದೆ. ಅದನ್ನು ಹೋಟೆಲುಗಳಲ್ಲಿ ನಿಜವಾಗಿ ಜಾರಿ ಮಾಡಿದರೆ ಸಾಕು.

ಎಲ್ಲಿಂದ ಶುರುಮಾಡಬೇಕು ಎಂದರೆ ಹೆಗ್ಗಡದೇವನಕೋಟೆ ಎನ್ನುತ್ತೇನೆ. ಸಫಾರಿ ನಿಂತ ಕೂಡಲೇ ಜೀಪು ಓಡಿಸುವವರ, ದೋಣಿ ನಡೆಸುವವರ, ರೆಸಾರ್ಟಿನ ಅಡುಗೆಯವರ ದುಡಿಮೆಗೆ ಪೆಟ್ಟು ಬಿದ್ದ ತಾಲ್ಲೂಕು ಅದು. ಹೊಲಕ್ಕೆ ಹೋಗಲು ಹೆದರುವ ರೈತರೂ ಅಲ್ಲೇ ಇದ್ದಾರೆ, ಕಾಡು ಬಿಟ್ಟು ಬಂದ ಹಾಡಿಗಳೂ ಅಲ್ಲೇ ಇವೆ. ಮೊದಲ ತಂಡದಲ್ಲಿ ಈ ಮೂರೂ ಕಡೆಯವರು ಒಟ್ಟಿಗೆ ಕೂರಬೇಕು. ಜೀಪು ಎಷ್ಟು, ಯಾವ ಹೊತ್ತಿಗೆ, ಪ್ರಾಣಿಯಿಂದ ಎಷ್ಟು ದೂರ ಎಂಬ ನಿಯಮಗಳನ್ನು ಅರಣ್ಯ ಇಲಾಖೆಯ ಜೊತೆ ಕುಳಿತು ಅವರೇ ಚರ್ಚಿಸಿ ಬರೆಯಲಿ, ಅದೇ ಅವರ ಮೊದಲ ಪಾಠವಾಗಲಿ. ಸಫಾರಿ ನಡೆಯುವ ಕಾಲಕ್ಕೆ ಪ್ರತಿ ಟಿಕೆಟ್ಟಿನಿಂದ ಒಂದು ಪಾಲನ್ನು ತೆಗೆದಿಟ್ಟು ಶಾಲೆಯ ಖರ್ಚಿಗೂ ಚಾಲಕರ ನಿಗದಿತ ಸಂಬಳಕ್ಕೂ ಕೊಡಲಿ. ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ, ಕೌಶಲಾಭಿವೃದ್ಧಿ ಇಲಾಖೆ ಮೂರೂ ಒಂದೇ ಮೇಜಿನ ಸುತ್ತ ಕೂತು ಸಹಿ ಹಾಕಬೇಕಾದ ಕೆಲಸ ಇದು. ಕಟ್ಟಡ ಹೊಸದಾಗಿ ಕಟ್ಟಬೇಕಾಗಿಲ್ಲ. ಕಲಿಯಲು ಬರುವವರು ಆ ತಾಲ್ಲೂಕಿನಲ್ಲೇ ಇದ್ದಾರೆ.